ಇಲ್ಲದ ತೇವ

ಮಲಗುವ ಕೋಣೆಯ ಗೋಡೆಯಲ್ಲಿ ತೇವ ಇದೆ ಎಂದು ಹೇಳಿಬಿಟ್ಟ ದಿನದಿಂದ ಅವನಿಗೆ ಆ ಗೋಡೆಯ ಮುಖ ನೋಡುವುದು ಕಷ್ಟವಾಗಿತ್ತು. ಆದರೆ ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುವುದೇ ಅದು. ತಿಳಿಹಸಿರು ಬಣ್ಣ, ಕ್ಯಾಲೆಂಡರಿನ ಮೊಳೆ ಬಿಟ್ಟರೆ ಒಂದು ತೂತಿಲ್ಲ, ಕೆಳಗೆ ಮೂಲೆಯಲ್ಲಿ ಮಗಳು ಶಾಲೆಗೆ ಸೇರುವ ಮುಂಚೆ ಪೆನ್ಸಿಲಿನಲ್ಲಿ ಗೀಚಿದ ಒಂದು ಕೋಳಿ. ಕೋಳಿಗೆ ಮೂರು ಕಾಲು. ಮೂರನೆಯದು ಯಾಕೆ ಎಂದು ಕೇಳಿದಾಗ, ಬೀಳದೆ ಇರಲಿ ಅಂತ, ಎಂದಿದ್ದಳು. ಇವತ್ತು ಹೆಂಡತಿ ಆಗಲೇ ಕೆಲಸಕ್ಕೆ ಹೋಗಿಯಾಗಿತ್ತು. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವನು ಗೋಡೆಯ ಮೇಲೆ ಅಂಗೈ ಇಟ್ಟ. ಒಂದು ಚೂರಾದರೂ ತೇವ ಇದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು. ಇರಲಿಲ್ಲ. ಇಷ್ಟು ವರ್ಷಗಳಲ್ಲಿ ಈ ಗೋಡೆ ಒಂದು ಹನಿ ನೀರು ಒಳಗೆ ಬಿಟ್ಟದ್ದಿಲ್ಲ. ತಪ್ಪಾಯ್ತು ಎನ್ನಬೇಕೆನಿಸಿತು. ಗೋಡೆಗೆ ತಪ್ಪಾಯ್ತು ಅನ್ನುವ ಮಟ್ಟಕ್ಕೆ ಬಂತಲ್ಲ ನನ್ನ ಬಾಳು ಎಂದುಕೊಂಡು ಎದ್ದು ಹಲ್ಲುಜ್ಜಲು ಹೋದ.

ಎಲ್ಲಕ್ಕೂ ಮೂಲ ಆ ಫೋನು. ದೊಡ್ಡ ಊರಿನ, ಕಟ್ಟುಹಲ್ಲು ಮಾಡುವ ದೊಡ್ಡ ಲ್ಯಾಬಿನ ಮ್ಯಾನೇಜರು ಮಾಡಿದ್ದ ಫೋನು. ನೀವು ಕೂರಿಸುವ ಹಲ್ಲಿನ ಸೆಟ್ಟು ನೋಡಿದ್ದೇವೆ, ಹಲ್ಲು ಕೂರಿಸುವ ವಿಭಾಗಕ್ಕೇ ನೀವು ಮುಖ್ಯಸ್ಥರಾಗಿ ಬನ್ನಿ, ಮನೆ ಕೊಡುತ್ತೇವೆ, ಮಗಳಿಗೆ ಒಳ್ಳೆಯ ಶಾಲೆ ಹತ್ತಿರದಲ್ಲೇ ಇದೆ, ಎಂದು ಆತ ಒಂದೇ ಉಸಿರಿನಲ್ಲಿ ಹೇಳಿದ್ದ. ಇವನು ಯೋಚನೆಯೇ ಮಾಡದೆ, ತನ್ನ ಬಾಯಲ್ಲಿ ಯಾವಾಗಲೂ ಸಿದ್ಧವಾಗಿರುವ ಮಾತನ್ನು ಹೇಳಿದ್ದ: ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ. ಆ ದಿನ ಮನೆಗೆ ಬಂದು, ಹೆಂಡತಿ ತಟ್ಟೆ ಒರೆಸುತ್ತಿದ್ದಾಗ, ಬೇಕೆಂದೇ ಅರ್ಧ ಮನಸ್ಸಿನಿಂದ ವಿಷಯ ಹೇಳಿದ. ಅವಳು ಖಂಡಿತ ಬೇಡ ಅನ್ನುತ್ತಾಳೆ. ಟ್ಯಾಕ್ಸಿ ಕಂಪನಿಯಲ್ಲಿ ಫೋನಿನ ಮುಂದೆ ಕೂತು ಈ ಊರಿನ ಸಂದುಗೊಂದುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡವಳು. ಫೋನಿನಲ್ಲಿ ಗಿರಾಕಿ ಕೆಮ್ಮಿದರೆ ಸಾಕು, ಯಾವ ಬೀದಿಯ ಯಾವ ಗೇಟು ಎಂದು ಡ್ರೈವರಿಗೆ ಹೇಳುವವಳು. ಅವಳು ಇದನ್ನೆಲ್ಲ ಬಿಟ್ಟು ಬರುತ್ತಾಳೆಯೇ. ಅವಳು ತಟ್ಟೆಯನ್ನು ಜೋಡಿಸಿಟ್ಟು, ‘ಹೋಗೋಣ’ ಎಂದಳು. ಎಷ್ಟು ಕೋಣೆಯ ಮನೆ ಎಂದೂ ಕೇಳಲಿಲ್ಲ. ಸ್ನಾನ ಮುಗಿಸಿ ಕಣ್ಣು ಮುಚ್ಚಿಕೊಂಡೇ ಟವೆಲಿಗೆ ಕೈ ಚಾಚಿದರೆ ಮೊಳೆ ಮಾತ್ರ ಸಿಕ್ಕಂತಾಯಿತು ಅವನಿಗೆ. ‘ಯೋಚನೆ ಮಾಡು, ಅವಸರ ಏನಿಲ್ಲ’ ಎಂದ. ‘ಮಾಡಿದೆ’ ಎಂದಳು ಅವಳು.

ತನಗೆ ಇಷ್ಟವಿಲ್ಲ ಎಂಬುದು ಅವನಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಕಾರಣ ಕೇಳಿದರೆ ಕಾರಣವಿರಲಿಲ್ಲ. ಈ ಮನೆ, ಈ ಮೆಟ್ಟಿಲು, ಹಲ್ಲಿನ ಕ್ಲಿನಿಕ್ಕಿನ ಹಿಂದಿನ ತನ್ನ ಇಕ್ಕಟ್ಟಾದ ಕೋಣೆ, ದಾರಿಯಲ್ಲಿ ಎದುರಾಗಿ ನಗುವ ಬಾಯಿಗಳು. ಆ ಬಾಯಿಗಳಲ್ಲಿ ಎಷ್ಟೋ ಇವನೇ ಮಾಡಿದವು. ಇದನ್ನೆಲ್ಲ ಬೆಳೆದ ಗಂಡಸು ಕಾರಣ ಅಂತ ಹೇಳುವುದು ಹೇಗೆ? ಹೇಳದೆ ದಿನ ತಳ್ಳಿದ. ಅಷ್ಟರಲ್ಲಿ ಮನೆ ಓನರು ನೀರಿನ ಟ್ಯಾಂಕು ನೋಡಲು ಬಂದರು. ಏನಾದರೂ ಮಾತಾಡಬೇಕಲ್ಲ ಎಂದು ಇವನು, ‘ನಾವು ಬಹುಶಃ ಬೇರೆ ಊರಿಗೆ ಹೋಗಬಹುದೋ ಏನೋ’ ಎಂದ. ಓನರು ಒಳ್ಳೆಯ ಮನುಷ್ಯ. ಆದರೆ ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಬಹುಶಃವನ್ನೂ ಏನೋವನ್ನೂ ಅಲ್ಲೇ ಉದುರಿಸಿ ಹೋದರು. ಮಾರನೆಯ ದಿನದಿಂದ ಮನೆ ನೋಡುವವರು ಬರತೊಡಗಿದರು.

ಮೊದಲು ಬಂದವಳು ಅಳತೆ ಟೇಪು ತಂದಿದ್ದಳು. ಅವನು ಕುರ್ಚಿಯಲ್ಲಿ ಕೂತಿದ್ದಂತೆಯೇ ಅವನ ತಲೆಯ ಮೇಲಿನಿಂದ ಟೇಪು ಎಳೆದು ಕಿಟಕಿ ಅಳೆದಳು. ‘ಸ್ವಲ್ಪ ಬಗ್ತೀರಾ?’ ಎಂದಳು, ಬಗ್ಗಿದ. ಮಲಗುವ ಕೋಣೆಗೆ ಹೋಗಿ, ಒಣಹಾಕಿದ್ದ ಅವನ ಬನಿಯನ್ನನ್ನು ಎರಡು ಬೆರಳಿನಲ್ಲಿ ಪಕ್ಕಕ್ಕೆ ಸರಿಸಿ, ‘ಈ ಬಣ್ಣ ಮೊದಲು ತೆಗೀಬೇಕು. ಇದೇನಿದು, ಮೂಲೇಲಿ ಗಲೀಜು?’ ಎಂದಳು. ಕೋಳಿಯ ಬಗ್ಗೆ. ಆಗ ಅವನ ಬಾಯಿಂದ ಅದು ತಾನಾಗಿ ಬಂತು: ‘ಬಣ್ಣ ಹೊಡೆದ್ರೂ ನಿಲ್ಲಲ್ಲ. ಈ ಗೋಡೆಯಲ್ಲಿ ತೇವ ಇದೆ.’ ಅವಳು ಟೇಪನ್ನು ಸರಕ್ಕನೆ ಒಳಗೆ ಎಳೆದುಕೊಂಡಳು. ಅವನಿಗೆ ತನ್ನ ಬಾಯಿಯ ಮೇಲೆಯೇ ಆಶ್ಚರ್ಯವಾಯಿತು. ಇದ್ದದ್ದನ್ನು ಹೇಳು ಅಂದರೆ ತಡವರಿಸುವ ಬಾಯಿ, ಇಲ್ಲದ್ದನ್ನು ಎಷ್ಟು ನೀಟಾಗಿ ಹೇಳಿತು! ಮುಂದಿನವರಿಗೆ ಅಡುಗೆಮನೆಯ ಮೋರಿ ನಾರುತ್ತದೆ ಎಂದ. ಅದರ ಮುಂದಿನವರಿಗೆ ಮಹಡಿಯ ಮೇಲಿನವರ ಕಾಟ ಎಂದ. ರಾತ್ರಿಯೆಲ್ಲ ಮೇಜು ಕುರ್ಚಿ ಎಳೆದಾಡುತ್ತಾರೆ, ಏನು ಹುಡುಕುತ್ತಾರೋ ದೇವರಿಗೇ ಗೊತ್ತು. ಮೇಲಿರುವವರು ನಿವೃತ್ತ ಮೇಷ್ಟ್ರು, ಒಬ್ಬರೇ, ಬೆಕ್ಕಿಗಿಂತ ಮೆಲ್ಲಗೆ ನಡೆಯುವವರು. ಮರುದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕಿ, ‘ನನ್ನಿಂದ ನಿಮಗೇನೂ ತೊಂದರೆ ಇಲ್ಲ ತಾನೆ? ನಿನ್ನೆ ಲೋಟ ಕೈಜಾರಿ ಬಿತ್ತು’ ಎಂದು ಅವರು ಕೇಳಿದಾಗ ಅವನ ಕಿವಿಯ ತುದಿ ಬಿಸಿಯಾಯಿತು. ‘ಛೆ ಛೆ, ಎಲ್ಲಾದರೂ ಉಂಟೆ’ ಎನ್ನುತ್ತ ಅವರ ಕೈಚೀಲ ತಾನೇ ಹಿಡಿದು ಮೇಲಿನವರೆಗೂ ಹೊತ್ತುಕೊಂಡು ಹೋಗಿ ಇಟ್ಟುಬಂದ.

ಇವತ್ತು ಸಂಜೆಯೊಳಗೆ ಉತ್ತರ ಬೇಕು ಎಂದಿದ್ದರು ಮ್ಯಾನೇಜರು. ಅವನು ಕ್ಲಿನಿಕ್ಕಿನ ಹಿಂಬಾಗಿಲಿನಿಂದ ತನ್ನ ಕೋಣೆಗೆ ಹೋಗಿ, ಸ್ಪಿರಿಟ್ ದೀಪ ಹಚ್ಚಿ, ಮೇಣದ ಚಾಕು ಬಿಸಿ ಮಾಡಿಕೊಂಡು ಕೂತ. ಮುಂದಿನ ಹಲಗೆಯ ಮೇಲೆ ಓನರ ದವಡೆ. ಪ್ಲಾಸ್ಟರಿನ ದವಡೆ, ಅದರ ಮೇಲೆ ಗುಲಾಬಿ ಬಣ್ಣದ ಮೇಣ, ಮೇಣದಲ್ಲಿ ಸಾಲಾಗಿ ಕೂರಿಸಿದ ಹೊಸ ಹಲ್ಲು. ಅವರ ಹಳೆಯ ಸೆಟ್ಟು ಸಡಿಲವಾಗಿ, ಮಾತಿನ ನಡುವೆ ನಾಲಿಗೆಯಿಂದ ಅದನ್ನು ಮೇಲಕ್ಕೆ ನೂಕಿಕೊಳ್ಳುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ತಾನು ಸುಳ್ಳು ಹೇಳಿ ಕೆಡಿಸುತ್ತಿರುವ ಮನೆಯ ಯಜಮಾನನಿಗೇ ಹೀಗೆ ಹಲ್ಲು ಜೋಡಿಸುತ್ತ ಕೂತಿದ್ದೇನಲ್ಲ ಎನಿಸಿ ಅವನಿಗೆ ನಗುವೂ ಬಂತು, ಪೆಚ್ಚೂ ಆಯಿತು. ಮುಂದಿನ ಒಂದು ಹಲ್ಲನ್ನು ಕೂದಲೆಳೆಯಷ್ಟು ಓರೆ ಮಾಡಿದ. ಚೆನ್ನಾಗಿ ಕಾಣಲಿಲ್ಲ, ಮೇಣ ಬಿಸಿ ಮಾಡಿ ಮತ್ತೆ ನೆಟ್ಟಗೆ ಮಾಡಿದ. ಅವನಿಗೆ ತನ್ನ ಕೆಲಸದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಈ ಮೇಣದ ಹಂತ. ಹಲ್ಲು ಕೂತಿರುತ್ತದೆ, ಆದರೂ ಕೂತಿರುವುದಿಲ್ಲ. ಬಾಯಿಗೆ ಇಟ್ಟು ನೋಡಬಹುದು, ತೆಗೆಯಬಹುದು, ಸ್ವಲ್ಪ ಎಡಕ್ಕೆ, ಇಲ್ಲ, ಬಲಕ್ಕೇ ಇರಲಿ. ಆಮೇಲೆ ಬರುವುದು ಬೇಜಾರಿನ ಕೆಲಸ: ಹಿತ್ತಾಳೆ ಡಬ್ಬಿಯಲ್ಲಿ ಹೂತು, ಕುದಿನೀರಿನಿಂದ ಮೇಣ ಕರಗಿಸಿ ಚೆಲ್ಲಿ, ಅದರ ಜಾಗಕ್ಕೆ ಗಟ್ಟಿಯಾಗುವ ಹಿಟ್ಟು ತುಂಬಿ, ಬಿಗಿದು ಬೇಯಿಸಿಬಿಟ್ಟರೆ ಆ ಮನುಷ್ಯ ಇನ್ನು ಅದೇ ಹಲ್ಲಿನಲ್ಲಿ ನಗಬೇಕು. ಡಬ್ಬಿ ಬಿಗಿಯುವ ಮುಂಚೆ ಅವನ ಕೈ ಪ್ರತಿ ಸಲವೂ ಸ್ವಲ್ಪ ಹೊತ್ತು ನಿಲ್ಲುತ್ತದೆ. ‘ಇನ್ನೂ ಮೇಣದಲ್ಲೇ ಇದೆಯಾ?’ ಎಂದು ಹಲ್ಲಿನ ಡಾಕ್ಟರು ಬಾಗಿಲಿಗೆ ಬಂದು ಕೇಳುವುದು ದಿನದ ರೂಢಿ. ಇವತ್ತೂ ಬಂದರು.

‘ಇನ್ನೂ ಮೇಣದಲ್ಲೇ ಇದೆಯಾ?’

‘ಆಯ್ತು ಡಾಕ್ಟ್ರೇ, ಇನ್ನೊಂದು ಚೂರು.’

‘ನಾನು ಕೇಳಿದ್ದು ನಿಮ್ಮ ವಿಷಯ. ಹೋಗ್ತೀರೋ ಇರ್ತೀರೋ? ನಿಮ್ಮ ಜಾಗಕ್ಕೆ ನಾನೂ ಯಾರನ್ನಾದರೂ ನೋಡ್ಬೇಕಲ್ಲ.’

‘ಅದೇ, ಮನೇಲಿ...’ ಎಂದು ಅವನು ನಿಲ್ಲಿಸಿದ. ‘ಮನೆಯವರಿಗೆ ಇಷ್ಟ ಇಲ್ವಾ?’ ಎಂದರು ಡಾಕ್ಟರು. ಅವನು ತಲೆಯನ್ನು ಹೇಗೆ ಅಲ್ಲಾಡಿಸಿದನೆಂದರೆ ಅದನ್ನು ಹೌದು ಎಂದೂ ಓದಬಹುದಿತ್ತು, ಇಲ್ಲ ಎಂದೂ ಓದಬಹುದಿತ್ತು, ಕುತ್ತಿಗೆ ಉಳುಕಿದೆ ಎಂದೂ ಓದಬಹುದಿತ್ತು. ಡಾಕ್ಟರು ‘ಪಾಪ, ಹೆಂಗಸರಿಗೆ ಕಷ್ಟವೇ’ ಎಂದು ತಮಗೆ ಬೇಕಾದದ್ದನ್ನು ಓದಿಕೊಂಡು ಹೋದರು. ಹೀಗೆಯೇ ಆಗಿತ್ತು ಅವತ್ತೂ. ಮಗಳು ಇನ್ನೂ ಹುಟ್ಟಿರಲಿಲ್ಲ. ಬೇರೊಂದು ಊರಿನ ಆಸ್ಪತ್ರೆಯಿಂದ ಕರೆ ಬಂದಿತ್ತು, ಇವನಿಗೆ ಹೋಗಲು ಮನಸ್ಸಾಗಿರಲಿಲ್ಲ. ಆಗ ಸುಲಭವಾಗಿ ಕೈಗೆ ಸಿಕ್ಕಿದ್ದು ಒಂದೇ ಮಾತು, ಅವಳಿಗೆ ಇಷ್ಟ ಇಲ್ಲ. ಬಸುರಿ ಹೆಂಗಸು, ಯಾರೂ ಮೇಲೆ ಪ್ರಶ್ನೆ ಕೇಳಲಿಲ್ಲ. ಅವಳನ್ನು ಮಾತ್ರ ಅವನು ಕೇಳಿಯೇ ಇರಲಿಲ್ಲ. ಅವಳಿಗೆ ಅದು ಗೊತ್ತಾದದ್ದು ಬಹಳ ದಿನಗಳ ಮೇಲೆ, ಅವನ ಅಕ್ಕನ ಮನೆಯಲ್ಲಿ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ. ‘ನೀನೊಬ್ಬಳು ಹೂಂ ಅಂದಿದ್ರೆ ನನ್ನ ತಮ್ಮ ಇಷ್ಟೊತ್ತಿಗೆ ಎಲ್ಲೋ ಇರ್ತಿದ್ದ’ ಎಂದಿದ್ದಳು ಅಕ್ಕ, ಬಡಿಸುತ್ತ, ಎಲ್ಲರಿಗೂ ಕೇಳುವ ಹಾಗೆ. ಅವಳು ತಲೆಯೆತ್ತಿ ಎದುರು ಸಾಲಿನಲ್ಲಿದ್ದ ಗಂಡನನ್ನು ನೋಡಿದಳು. ಅವನು ಆಗ ಭಾವನ ಯಾವುದೋ ಜೋಕಿಗೆ ಬಾಯ್ತುಂಬ ಅನ್ನ ಇಟ್ಟುಕೊಂಡು ನಗುತ್ತಿದ್ದ. ನಗು ನಿಲ್ಲಿಸುವುದೋ ಅನ್ನ ನುಂಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ನೆತ್ತಿಗೆ ಹತ್ತಿತು. ಎದ್ದು ಬಂದು ನೆತ್ತಿ ತಟ್ಟಿದ್ದು ಅವಳೇ. ಏನೂ ಕೇಳಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಜಗಳವಾಡಿದ್ದರೆ ಅದು ಮುಗಿದುಹೋಗುತ್ತಿತ್ತು. ಅವಳು ಮಾತ್ರ ಅಕ್ಕನ ಮನೆಗೆ ಹೋದಾಗಲೆಲ್ಲ ಅಡುಗೆಮನೆಯ ಮೂಲೆಯಲ್ಲಿ ಸುಮ್ಮನೆ ತರಕಾರಿ ಹೆಚ್ಚುತ್ತ ಕೂರುವುದನ್ನು ಕಲಿತಳು.

ಮಧ್ಯಾಹ್ನ ಅಕ್ಕನದೇ ಫೋನು. ‘ಏನೋ, ಈ ಸಲವಾದರೂ ಮಹಾರಾಣಿ ಒಪ್ಪಿದಳಾ?’ ಎಂದಳು ಎತ್ತಿದ ಕೂಡಲೇ. ‘ಅಕ್ಕಾ, ಕೈಯಲ್ಲಿ ಬಿಸಿ ಮೇಣ ಇದೆ’ ಎಂದು ಅವನು ಫೋನಿಟ್ಟ. ಕೈಯಲ್ಲಿ ಇದ್ದದ್ದು ಟೀ ಲೋಟ. ಹೆಂಡತಿ ಅಂದು ತಟ್ಟೆ ಒರೆಸುತ್ತ ‘ಹೋಗೋಣ’ ಎಂದದ್ದು ಯಾಕೆ ಎಂಬುದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಈ ಸಲ ಅವಳ ಬೆನ್ನ ಹಿಂದೆ ನಿಲ್ಲಲು ಅವಳು ಜಾಗ ಬಿಟ್ಟಿರಲಿಲ್ಲ. ಬೇಡ ಎನ್ನುವುದಿದ್ದರೆ ತಾನೇ ಎನ್ನಬೇಕು, ತನ್ನ ಬಾಯಿಂದ, ನಾಲ್ಕು ಜನ ಕೇಳುವ ಹಾಗೆ. ಊರಿನ ಅರ್ಧ ಮುದುಕರ ಬಾಯಿಗೆ ಕೈ ಹಾಕಿದವನಿಗೆ ತನ್ನದೊಂದು ಬಾಯಿ ಬಿಡಿಸಲು ಬರುವುದಿಲ್ಲ. ನಾಚಿಕೆಗೇಡು ಎನಿಸಿತು. ಆದರೆ ನಾಚಿಕೆಯಾದರೂ ಬಾಯಿ ಬರಲಿಲ್ಲ. ಬೇಡ ಎಂದರೆ, ಯಾಕೆ ಎನ್ನುತ್ತಾರೆ. ಹೆದರಿಕೆ ಎನ್ನಬೇಕಾಗುತ್ತದೆ. ಅದಕ್ಕಿಂತ ಇಷ್ಟವಿಲ್ಲದ ಊರಿಗೆ ಸಾಮಾನು ಕಟ್ಟಿಕೊಂಡು ಹೋಗುವುದೇ ವಾಸಿಯೇನೋ ಎಂದೂ ಒಂದು ಗಳಿಗೆ ಯೋಚಿಸಿದ.

ಸಂಜೆ ಮನೆಯ ಕಡೆ ಹೊರಟವನನ್ನು ಬೀದಿಯ ತಿರುವಿನಲ್ಲಿ ಫೋಟೋ ಸ್ಟುಡಿಯೋದವನು ಕರೆದು ನಿಲ್ಲಿಸಿದ. ಮೊನ್ನೆ ಮನೆ ನೋಡಲು ಬಂದು, ತೇವ ಎಂದು ಕೇಳಿ ಹಿಂದೆ ಸರಿದವನು.

‘ಸಾರ್, ತಪ್ಪು ತಿಳ್ಕೋಬೇಡಿ. ನೀವು ಅದರಲ್ಲಿ ಹೇಗಿದ್ದೀರಿ ಇಷ್ಟು ವರ್ಷ?’

‘ಯಾಕೆ?’

‘ತೇವ ಅಂದ್ರೂ ಪರವಾಗಿಲ್ಲ, ಮನೆ ಚೆನ್ನಾಗಿದೆ ಅಂತ ನನ್ನ ಹೆಂಡತಿ ನಿನ್ನೆ ಮಧ್ಯಾಹ್ನ ಇನ್ನೊಂದು ಸಲ ನೋಡೋಕೆ ಬಂದಿದ್ಲು. ನಿಮ್ಮ ಮನೆಯವರೇ ಪಾಪ ಎಲ್ಲ ಬಿಡಿಸಿ ಹೇಳಿದ್ರಂತೆ. ನಡುಮನೇಲೂ ತೇವ ಅಂತೆ, ಅಟ್ಟದಲ್ಲಿ ಇಲಿ ಸಂಸಾರ ಅಂತೆ, ಬಚ್ಚಲಲ್ಲಿ ನೀರು ಹಿಂದಕ್ಕೆ ಉಕ್ಕುತ್ತಂತೆ. ನನ್ನ ಹೆಂಡತಿ ಇಲಿ ಅಂದ್ರೆ ಮುಗೀತು, ಆಟೋದಲ್ಲೂ ಕಾಲು ಮೇಲಿಟ್ಟುಕೊಂಡೇ ಬಂದ್ಲು.’

ಅವನು ನಿಂತಲ್ಲೇ ನಿಂತ. ಅಟ್ಟದಲ್ಲಿ ಇಲಿ ಇರಲಿಲ್ಲ. ಇಲಿಗೆ ತಿನ್ನಲು ಅಟ್ಟದಲ್ಲಿ ಏನೂ ಇರಲಿಲ್ಲ. ಹಾಗಾದರೆ ಅವಳಿಗೂ! ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದು, ಬಂದವರನ್ನೆಲ್ಲ ಅವಳೂ ಹೀಗೆಯೇ ಸಾಗಹಾಕುತ್ತಿದ್ದಾಳೆ! ಅವನಿಗೆ ಬೀದಿಯಲ್ಲೇ ಒಂದು ಸಲ ಕುಣಿಯಬೇಕೆನಿಸಿತು. ಸ್ಟುಡಿಯೋದವನ ಕೈ ಹಿಡಿದು ಜೋರಾಗಿ ಕುಲುಕಿದ, ಇಲಿಯ ಸುದ್ದಿಗೆ ಯಾಕಿಷ್ಟು ಸಂತೋಷ ಎಂದು ಆತ ಗಲಿಬಿಲಿಗೊಂಡ. ನಡೆಯತೊಡಗಿದ ಮೇಲೆ ಅವನಿಗೆ ತನ್ನ ಸಂತೋಷದ ಒಳಗೆ ಇನ್ನೊಂದು ಸಂತೋಷ ಕಂಡಿತು. ಅದು ಹಳೆಯ ಮಾತಿನದು. ಈಗ ಮ್ಯಾನೇಜರಿಗೆ ಫೋನು ಮಾಡಿ, ಅವಳಿಗೆ ಇಷ್ಟ ಇಲ್ಲ, ಎನ್ನಬಹುದು. ಡಾಕ್ಟರಿಗೆ, ಅಕ್ಕನಿಗೆ, ಎಲ್ಲರಿಗೂ ಎನ್ನಬಹುದು. ಅಂದು ಸುಳ್ಳಾಗಿದ್ದ ಮಾತು ಈ ಸಲ ನಿಜವೂ ಹೌದು! ಹೀಗೆಂದು ಅವನ ಮನಸ್ಸು ಬಾಲ ಅಲ್ಲಾಡಿಸುವುದನ್ನು ಕಂಡು ಅವನಿಗೇ ಅಸಹ್ಯವಾಯಿತು. ಆದರೂ ಹೆಜ್ಜೆ ಮಾತ್ರ ಹಗುರವಾಗಿಯೇ ಬೀಳುತ್ತಿತ್ತು, ಏನು ಮಾಡುವುದು.

ಮನೆಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು, ಮಗಳು ಮೇಜಿನ ಮೇಲೆ ಭೂಪಟ ಹರಡಿಕೊಂಡು ಹೋಮ್‌ವರ್ಕ್ ಮಾಡುತ್ತಿದ್ದಳು. ಬೇಡ ಎಂಬುದನ್ನು ಹೆಂಡತಿಯ ಬಾಯಿಂದಲೇ ಬರಿಸಬೇಕು ಎಂದುಕೊಂಡು ಅವನು ಚಪ್ಪಲಿ ಬಿಡುತ್ತಲೇ ಶುರು ಮಾಡಿದ.

‘ಆ ಊರಲ್ಲಿ ಟ್ರಾಫಿಕ್ಕು ವಿಪರೀತ ಅಂತೆ.’

‘ಹೌದಂತೆ.’

‘ಟ್ಯಾಕ್ಸಿ ಆಫೀಸಿನ ಕೆಲಸ ಅಲ್ಲಿ ನಿನಗೆ ಸಿಕ್ಕೋದು ಕಷ್ಟ. ದಾರಿನೇ ಗೊತ್ತಿರಲ್ಲ.’

‘ಕಲಿತರಾಯ್ತು ರೀ.’

‘ಈ ವಯಸ್ಸಲ್ಲಿ?’

‘ಯಾವ ವಯಸ್ಸಲ್ಲಿ?’

ಅವನು ಆ ದಾರಿ ಬಿಟ್ಟು ಹಿಂದಕ್ಕೆ ಬಂದ. ‘ಅಲ್ಲ, ಅಟ್ಟದಲ್ಲಿ ಇಲಿ ಇದೆ ಅಂತ ಯಾರೋ ಹೇಳ್ತಿದ್ರು’ ಎಂದ. ಹೆಂಡತಿಯ ಕೈ ಒಂದು ಕ್ಷಣ ಬಟ್ಟೆಯ ಮಡಿಕೆಯ ಮೇಲೆ ನಿಂತಿತು, ಮತ್ತೆ ಮುಂದುವರಿಯಿತು. ‘ಮಲಗೋ ಕೋಣೇಲಿ ತೇವ ಇದೆ ಅಂತಾನೂ ಹೇಳ್ತಿದ್ರು’ ಎಂದಳು. ಮಗಳು ಭೂಪಟದಿಂದ ತಲೆ ಎತ್ತಲಿಲ್ಲ. ‘ನೀವಿಬ್ಬರೂ ಮೊದಲು ಕೂತು ಮಾತಾಡ್ಕೊಳ್ಳಿ. ಅಪ್ಪನ ತೇವ ಮಲಗೋ ಕೋಣೇಲಿ, ಅಮ್ಮನ ತೇವ ನಡುಮನೇಲಿ. ಹೊರಗೆ ಹೋಗುವಾಗ ಮನೆ ನೋಡಿದವರೆಲ್ಲ ನನ್ನನ್ನ ಕೇಳ್ತಾರೆ, ಯಾವುದು ಸರಿ ಅಂತ. ಎರಡೂ ಕಡೆ ಅಂತ ಹೇಳಿ ಹೇಳಿ ನನಗೆ ಸಾಕಾಯ್ತು’ ಎಂದಳು. ಅವನಿಗೆ ನಗು ಬಂತು, ಹೆಂಡತಿಗೂ ಬಂತು, ಆದರೆ ಅವಳು ಅದನ್ನು ತುಟಿಯಲ್ಲೇ ಹಿಡಿದು ಒಳಗೆ ಕಳಿಸಿಬಿಟ್ಟಳು. ಇದೇ ಸಮಯ ಎಂದುಕೊಂಡ ಅವನು.

‘ನಿನಗೆ ಇಷ್ಟ ಇಲ್ಲ ಅಂದ್ರೆ ಬಾಯಿ ಬಿಟ್ಟು ಹೇಳಬಾರದಾ? ಈಗಲೇ ಫೋನ್ ಮಾಡಿ ಹೇಳಿಬಿಡ್ತೀನಿ, ಅವಳಿಗೆ...’

‘ಯಾರಿಗೆ?’ ಎಂದಳು ಅವಳು. ಜೋರಾಗಿ ಅಲ್ಲ. ಟ್ಯಾಕ್ಸಿ ಕೇಳಿದ ಗಿರಾಕಿಗೆ ವಿಳಾಸ ಕೇಳುವ ಧ್ವನಿಯಲ್ಲಿ. ‘ನಾನು ಹೋಗೋಣ ಅಂತ ಮೊದಲ ದಿನವೇ ಹೇಳಿದೀನಿ. ಪುಟ್ಟಿ ಸಾಕ್ಷಿ. ಫೋನ್ ಮಾಡಿ, ನಿಮಗೆ ಏನು ಹೇಳ್ಬೇಕೋ ಅದನ್ನ ಹೇಳಿ.’

‘ಏನಂತ ಹೇಳಲಿ?’

‘ಅದನ್ನೂ ನಾನೇ ಹೇಳಿಕೊಡಬೇಕಾ?’

ಅವನು ಫೋನು ಕೈಗೆತ್ತಿಕೊಂಡು, ಅದರ ಗಾಜನ್ನು ಅಂಗಿಯ ತುದಿಯಿಂದ ಒರೆಸಿ, ಮತ್ತೆ ಮೇಜಿನ ಮೇಲಿಟ್ಟ. ಆಗ ಬಾಗಿಲ ಗಂಟೆ ಹೊಡೆಯಿತು. ಓನರು. ಹಿಂದೆ ಒಬ್ಬ ದಪ್ಪನೆಯ ಮನುಷ್ಯ, ಕೈಯಲ್ಲಿ ಕಪ್ಪು ಪೆಟ್ಟಿಗೆ. ಪಕ್ಕದಲ್ಲಿ ದಣಿದ, ಹಸನ್ಮುಖದ ಹೆಂಗಸು. ಆತ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವವನಂತೆ, ಆಕೆ ಆಸ್ಪತ್ರೆಯಲ್ಲಿ ಹೆರಿಗೆ ನರ್ಸು. ಓನರು ಒಳಗೆ ಬಂದವರೇ ಇವನ ಎರಡೂ ಕೈ ಹಿಡಿದುಕೊಂಡರು. ‘ನಿಮ್ಮಂಥ ಬಾಡಿಗೆದಾರರನ್ನ ನಾನು ನೋಡಿಲ್ಲ. ತೇವ, ಇಲಿ, ಮೋರಿ, ಬಚ್ಚಲು! ಬಂದವರೆಲ್ಲ ನನಗೆ ಬಂದು ಹೇಳ್ತಾರೆ. ಇಷ್ಟು ವರ್ಷ ಎಲ್ಲಾ ಸಹಿಸಿಕೊಂಡು ಒಂದು ದಿನ ನನ್ನ ಹತ್ತಿರ ಒಂದು ದೂರು ಹೇಳಲಿಲ್ಲ ನೀವು’ ಎಂದು ನಾಲಿಗೆಯಿಂದ ಹಲ್ಲಿನ ಸೆಟ್ಟನ್ನು ಮೇಲಕ್ಕೆ ನೂಕಿಕೊಂಡರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಈ ಮನೆಯಲ್ಲಿ ಅದೊಂದೇ ನಿಜವಾದ ತೇವ ಎಂದು ಅವನಿಗೆ ಹೊಳೆದು, ಹಾಗೆ ಹೊಳೆದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಆದರೂ ಪ್ರಯತ್ನ ಬಿಡಲಿಲ್ಲ. ಮನೆ ತೋರಿಸುತ್ತ ಒಂದೊಂದಾಗಿ ಬಿಚ್ಚಿದ, ಈಗ ಓನರ ಅನುಮತಿಯೂ ಇತ್ತಲ್ಲ. ಮೋರಿ ನಾರುತ್ತದೆ ಎಂದರೆ ಟ್ರಂಪೆಟ್ಟಿನವನು ‘ನನಗೆ ಮೂಗಿಗೆ ವಾಸನೆನೇ ಬರಲ್ಲ, ಚಿಕ್ಕಂದಿನಿಂದ’ ಎಂದ. ಅಟ್ಟದ ಇಲಿ ಎಂದರೆ ನರ್ಸು ‘ನಮ್ಮ ಬೆಕ್ಕಿಗೆ ಕೆಲಸ ಸಿಕ್ಕಿತು’ ಎಂದಳು. ಮಹಡಿಯ ಮೇಲೆ ರಾತ್ರಿ ಸದ್ದು ಎಂದರೆ, ‘ನನ್ನದು ರಾತ್ರಿ ಪಾಳಿ, ಇವರು ಹಗಲು ಊದ್ತಾರೆ, ಲೆಕ್ಕ ಚುಕ್ತಾ’ ಎಂದು ಇಬ್ಬರೂ ನಕ್ಕರು. ಇಂಥ ಒಳ್ಳೆಯವರನ್ನು ಏನು ಮಾಡುವುದು. ಹೆಂಡತಿ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ತನ್ನ ಪಾಲಿನ ಬಚ್ಚಲಿನ ಬಗ್ಗೆ ಬಾಯಿಯೇ ತೆರೆಯಲಿಲ್ಲ. ಕೊನೆಗೆ ಮಲಗುವ ಕೋಣೆ. ‘ಇದೇ ಗೋಡೆ. ಪೂರ್ತಿ ತೇವ’ ಎಂದ ಅವನು, ಧ್ವನಿಯಲ್ಲಿ ಆಗಲೇ ಸೋಲು. ಟ್ರಂಪೆಟ್ಟಿನವನು ಪೆಟ್ಟಿಗೆ ಕೆಳಗಿಟ್ಟು, ಮೊಣಕಾಲೂರಿ, ಮೂಲೆಯನ್ನು ಹತ್ತಿರದಿಂದ ನೋಡಿದ. ‘ಅರೆ, ಕೋಳಿ! ಮೂರು ಕಾಲು’ ಎಂದ. ಬೆರಳಿನಿಂದ ಮುಟ್ಟದೆ ಮೇಲಿನಿಂದಲೇ ಅದರ ಬೆನ್ನ ಗೆರೆಯನ್ನು ಸವರಿದ ಹಾಗೆ ಮಾಡಿ, ತನ್ನ ಹೆಂಡತಿಯ ಕಡೆ ತಿರುಗಿ, ‘ಬಣ್ಣ ಹೊಡೆಸೋದಾದ್ರೂ ಇದೊಂದನ್ನ ಬಿಟ್ಟು ಹೊಡೆಸೋಣ. ಯಾವುದೋ ಮಗು ಬರೆದದ್ದು, ಅಳಿಸಬಾರದು’ ಎಂದ.

ಆ ಕ್ಷಣದಲ್ಲಿ ಅವನಿಗೆ ಉಳಿದ ನೆಪಗಳೆಲ್ಲ ಒಟ್ಟಿಗೆ ಖಾಲಿಯಾದವು. ಟೇಪಿನವಳ ಮೇಲೆ ಸಿಟ್ಟು ಬಂದಿತ್ತು, ಅದು ಅನುಕೂಲವಾಗಿತ್ತು. ಇವರ ಮೇಲೆ ಸಿಟ್ಟಿಗೆ ಜಾಗವೇ ಇರಲಿಲ್ಲ. ಇವರು ಕೋಳಿಯನ್ನು ಜೋಪಾನ ಮಾಡುತ್ತಾರೆ, ಈ ಕಿಟಕಿಯಲ್ಲಿ ಬಟ್ಟೆ ಒಣಹಾಕುತ್ತಾರೆ, ಚೆನ್ನಾಗಿಯೇ ಬಾಳುತ್ತಾರೆ. ತಾನು ಮಾತ್ರ ಯಾವುದೋ ಊರಿನಲ್ಲಿ ಎಚ್ಚರವಾಗಿ ಬೇರೆ ಗೋಡೆ ನೋಡಬೇಕು. ಅವನಿಗೆ ಅಳು ಬಂತು. ಅದನ್ನು ತಡೆಯಲೆಂದೇ ಬಾಯಿ ತೆರೆದ.

‘ನಾವು ಹೋಗ್ತಾ ಇಲ್ಲ’ ಎಂದ.

ಓನರು ಅವನನ್ನು ನೋಡಿದರು. ಆಮೇಲೆ, ಎಲ್ಲರೂ ಯಾವಾಗಲೂ ಮಾಡುವ ಹಾಗೆ, ಮೆಲ್ಲಗೆ ಅವನ ಹೆಂಡತಿಯ ಕಡೆ ತಿರುಗಿದರು. ‘ಯಾಕಮ್ಮಾ, ನಿಮಗೆ ಇಷ್ಟ ಇಲ್ವಾ?’ ಎಂದು ಕನಿಕರದಿಂದ ಕೇಳಿದರು. ಟ್ರಂಪೆಟ್ಟಿನವನೂ ತಿರುಗಿದ, ನರ್ಸೂ ತಿರುಗಿದಳು, ಬಾಗಿಲಲ್ಲಿ ಬಂದು ನಿಂತಿದ್ದ ಮಗಳೂ ತಿರುಗಿದಳು. ಹಳೆಯ ಜಾಗ ಹಾಗೇ ಖಾಲಿ ಇತ್ತು. ಅವಳ ಬೆನ್ನ ಹಿಂದೆ, ಎಂದಿನಂತೆ ಬೆಚ್ಚಗೆ. ಅವನು ಸುಮ್ಮನಿದ್ದರೆ ಸಾಕಾಗಿತ್ತು, ತಲೆ ಕೂಡ ಅಲ್ಲಾಡಿಸಬೇಕಾಗಿರಲಿಲ್ಲ. ಹೆಂಡತಿ ಯಾರ ಮುಖವನ್ನೂ ನೋಡದೆ ಅವನೊಬ್ಬನನ್ನೇ ನೋಡುತ್ತಿದ್ದಳು. ಅಂದು ಊಟದ ಸಾಲಿನಲ್ಲಿ ನೋಡಿದ್ದ ಅದೇ ನೋಟ. ಈಗ ಅವನ ಬಾಯಲ್ಲಿ ಅನ್ನವೂ ಇರಲಿಲ್ಲ.

‘ಅವಳಿಗಲ್ಲ’ ಎಂದ ಅವನು. ‘ಅವಳು ಹೋಗೋಣ ಅಂದಳು. ನನಗೆ. ನನಗೇ ಇಷ್ಟ ಇಲ್ಲ. ನನಗೆ ಹೆದರಿಕೆ.’

ಆಕಾಶವೇನೂ ಕಳಚಿ ಬೀಳಲಿಲ್ಲ. ಟ್ರಂಪೆಟ್ಟಿನವನು ‘ಅದೇನು ಬಿಡಿ ಸಾರ್, ನನಗೂ ಸ್ಟೇಜು ಹತ್ತೋವಾಗ ಆಗುತ್ತೆ’ ಎಂದು ಪೆಟ್ಟಿಗೆ ಎತ್ತಿಕೊಂಡ. ನರ್ಸು ಕೋಳಿಯನ್ನು ಇನ್ನೊಮ್ಮೆ ಬಗ್ಗಿ ನೋಡಿದಳು. ಅವರಿಗೆ ಹಿಂದಿನ ಬೀದಿಯ ತಮ್ಮ ಇನ್ನೊಂದು ಮನೆ ತೋರಿಸುತ್ತೇನೆ ಎಂದು ಓನರು ಮೆಟ್ಟಿಲಿಳಿದರು. ಬಾಗಿಲು ಹಾಕಿದ ಮೇಲೆ ಅವನು, ಬಾಯಿ ತೆರೆದಿರುವಾಗಲೇ ಮಾಡಿಬಿಡಬೇಕು, ನಿಂತರೆ ಮತ್ತೆ ಮೇಣವಾಗುತ್ತೇನೆ ಎಂದು ಹೆದರಿ, ಫೋನು ಮಾಡಿದ. ಆ ಕಡೆಯಿಂದ ಮ್ಯಾನೇಜರು, ‘ಓ, ಮನೇಲಿ ಒಪ್ಪಲಿಲ್ವಾ?’ ಎಂದರು. ‘ಮನೇಲಿ ಎಲ್ಲರೂ ಒಪ್ಪಿದ್ರು ಸಾರ್. ನಾನೇ ಒಪ್ಪಲಿಲ್ಲ’ ಎಂದ. ಫೋನಿಟ್ಟು ತಿರುಗಿದರೆ ಹೆಂಡತಿ ಅಲ್ಲಿರಲಿಲ್ಲ. ಅಡುಗೆಮನೆಯಲ್ಲಿ, ಅವನಿಗೆ ಬೆನ್ನು ಮಾಡಿ, ಆಗಲೇ ಒರೆಸಿಟ್ಟಿದ್ದ ತಟ್ಟೆಗಳನ್ನು ಮತ್ತೆ ಒರೆಸುತ್ತಿದ್ದಳು. ಅವನು ಹತ್ತಿರ ಹೋಗಿ ನಿಂತ. ಅವಳು ತಿರುಗದೆಯೇ ಇನ್ನೊಂದು ಬಟ್ಟೆಯನ್ನು ಅವನ ಕೈಗೆ ಕೊಟ್ಟಳು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಓನರು ಒಳ್ಳೆಯ ಮನುಷ್ಯ ಎಂದು ಆಗಲೇ ಹೇಳಿಯಾಗಿದೆಯಷ್ಟೆ. ರಜೆಯ ದಿನ ಬೆಳ್ಳಂಬೆಳಿಗ್ಗೆ ಗಾರೆ ಕೆಲಸದವನನ್ನು ಕಳಿಸಿದರು. ‘ಇಂಥ ಮನೇಲಿ ಇರೋಕೆ ಒಪ್ಪಿದ್ದೀರಲ್ಲ, ಒಂದೊಂದನ್ನೂ ರಿಪೇರಿ ಮಾಡಿಸಿಯೇ ನಾನು ಸುಮ್ಮನಾಗೋದು’ ಎಂದು ಫೋನಿನಲ್ಲಿ ಹೇಳಿದರು. ಹೊಸ ಹಲ್ಲು ಆಗಲೇ ಅವರ ಬಾಯಲ್ಲಿತ್ತು, ಮಾತು ಖಚಿತವಾಗಿ ಬಂತು. ಗಾರೆಯವನು ಉಳಿ ಸುತ್ತಿಗೆ ಹಿಡಿದು ಮಲಗುವ ಕೋಣೆಯ ಗೋಡೆಯ ಮುಂದೆ ನಿಂತು, ಕೈ ಸವರಿ, ಬೆರಳಿನಿಂದ ತಟ್ಟಿ, ‘ಎಲ್ಲಿ ಸಾರ್ ತೇವ? ತೇವ ಇದೆ ಅಂತ ಹೇಳಿದೋರು ಯಾರು?’ ಎಂದ. ಅಭ್ಯಾಸಬಲ, ಅವನು ತಿರುಗಿ ಹೆಂಡತಿಯ ಕಡೆ ನೋಡಿದ. ಅವಳು ನಡುಮನೆಯಲ್ಲಿ ಅಕ್ಕನ ಜೊತೆ ಫೋನಿನಲ್ಲಿ ಇದ್ದಳು. ಫೋನಿನ ಮೇಲೆ ಕೈ ಮುಚ್ಚಿ, ಗಲ್ಲದಿಂದ ಅವನನ್ನೇ ತೋರಿಸಿ, ‘ಅವರೇ’ ಎಂದಳು. ಒಂದು ವಾರದಲ್ಲಿ ಎರಡು ಸಲ ನಿಜ ಹೇಳುವಷ್ಟು ಶಕ್ತಿ ಅವನಲ್ಲಿ ಇರಲಿಲ್ಲ. ಬೀರುವನ್ನು ಸರಿಸಿ, ಕೋಳಿಯಿಂದ ಆದಷ್ಟು ದೂರದ ಜಾಗ ಹುಡುಕಿ, ‘ಇಲ್ಲಿ ಒಡೀರಿ’ ಎಂದ. ಸುತ್ತಿಗೆಯ ಮೊದಲ ಏಟಿಗೆ ಒಣ ಪುಡಿ ಉದುರಿ ಅವನ ಪಾದ ಮುಚ್ಚಿತು. ಅಷ್ಟರಲ್ಲಿ ಹೆಂಡತಿಯ ಧ್ವನಿ ಏರಿತು, ಸುತ್ತಿಗೆಯ ಸದ್ದನ್ನೂ ಮೀರಿ, ಮಹಡಿಯ ಮೇಷ್ಟ್ರಿಗೂ ಕೇಳುವಷ್ಟು. ಅಕ್ಕನ ಮನೆಯ ಮೂಲೆಯಲ್ಲಿ ತರಕಾರಿ ಹೆಚ್ಚಿದವಳ ಧ್ವನಿಯಲ್ಲ ಅದು. ‘ನನ್ನದೇನಿದೆ ಅಕ್ಕಾ, ನಾನು ಮೊದಲ ದಿನವೇ ಹೋಗೋಣ ಅಂದೆ. ಏನ್ಮಾಡೋದು ಹೇಳಿ, ನಿಮ್ಮ ತಮ್ಮನಿಗೇ ಇಷ್ಟ ಇಲ್ಲ!’ ಆ ಕಡೆಯಿಂದ ಅಕ್ಕ ಏನೋ ಅಂದಿರಬೇಕು, ಅವಳು ಇನ್ನೊಮ್ಮೆ, ಇನ್ನೂ ನಿಧಾನವಾಗಿ, ಒಂದೊಂದೇ ಮಾತನ್ನು ಸವಿಯುತ್ತ ಹೇಳಿದಳು. ಅವನು ಪೊರಕೆ ತಂದು ಪುಡಿ ಗುಡಿಸತೊಡಗಿದ.